ಎರಡು ತಾಲೂಕಿನ ತೊಟ್ಟಿಲು

ನಕಾಶೆಯನ್ನು ಬಿಡಿಸುವುದು ಸುಲಭ. ಅದೇ ಮಡಿಕೆಗಳಲ್ಲಿ ಮರಳಿ ಮಡಿಸುವುದು ಮಹಾವಿದ್ಯೆ. ವಾಡಿಯಲ್ಲಿ ಮನೆ, ಚಿತ್ತಾಪುರದಲ್ಲಿ ನೌಕರಿ ಇರುವ ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದರೂ ಆ ವಿದ್ಯೆ ನನಗೆ ಒಲಿದಿಲ್ಲ. ಇಂಥವನನ್ನು ಹುಡುಕಿ ಹುಡುಕಿ ಸೇಡಂ, ಚಿಂಚೋಳಿ ತಾಲೂಕುಗಳು ಕೂಡುವ ಗಡಿಗೆ ಮನೆಗಣತಿಗೆಂದು ಕಳಿಸಿದ ಆಡಳಿತದ ಹಾಸ್ಯಪ್ರಜ್ಞೆಗೆ ನನ್ನ ನಮಸ್ಕಾರ. ತೊಗರಿ ಹೊಲಗಳ ನಡುವೆ ಎರಡು ಸಲ ದಾರಿ ತಪ್ಪಿದ ಭೂಗೋಳಪಂಡಿತನನ್ನು ಕೊನೆಗೆ ಊರಾಚೆಯ ಒಂಟಿ ಮನೆಗೆ ಮುಟ್ಟಿಸಿದವರು ಕುರಿ ಕಾಯುವ ಒಬ್ಬ ಮುದುಕರು.

ಮನೆಯೊಡತಿ ನಾಗಮ್ಮ, ಅರವತ್ತರ ಗಟ್ಟಿ ಹೆಂಗಸು. ಮಗಳು ಬಾಣಂತನಕ್ಕೆ ಬಂದಿದ್ದಳು. ಶಹಾಬಾದಿನ ಕಲ್ಲು ಹೊದಿಸಿದ ಚಾವಣಿ ಮಧ್ಯಾಹ್ನದ ಬಿಸಿಲಿಗೆ ರೊಟ್ಟಿಯ ಹೆಂಚಿನಂತೆ ಕಾದಿತ್ತು. ತೊಟ್ಟಿಲಲ್ಲಿ ಕೂಸು ಬೆವರಿ ಅಳುತ್ತಿತ್ತು. ನಾಗಮ್ಮ ಒಂದು ಕೈಯಿಂದ ಅದಕ್ಕೆ ಗಾಳಿ ಬೀಸುತ್ತಲೇ ಇನ್ನೊಂದು ಕೈಯಿಂದ ನನಗೆ ನೀರು ಕೊಟ್ಟರು. ಮನೆಗೆ ವಿದ್ಯುತ್ ಇದೆಯೇ ಎಂದು ನಮೂನೆಯಲ್ಲಿದ್ದ ಪ್ರಶ್ನೆಯನ್ನು ಓದಿದ್ದೇ ತಡ, ಅವರ ಸಿಟ್ಟು ಹೊರಬಿತ್ತು. ಸೇಡಂ ಕಡೆಯವರು ನಿಮ್ಮ ಅಡುಗೆಮನೆ ಚಿಂಚೋಳಿಯಲ್ಲಿದೆ ಎಂದು ಅರ್ಜಿ ವಾಪಸು ಮಾಡುತ್ತಾರಂತೆ. ಚಿಂಚೋಳಿ ಕಡೆಯವರು ನಿಮ್ಮ ಪಡಸಾಲೆ ಸೇಡಂನಲ್ಲಿದೆ ಎನ್ನುತ್ತಾರಂತೆ.

"ಕೂಸಿಗಿ ಒಂದು ಫ್ಯಾನ್ ಹಾಕಬೇಕಂದ್ರ ಎರಡು ತಾಲೂಕು ಅಡ್ಡ ಬರ್ಲಿಕತ್ತಾವ ನೋಡ್ರಿ ಮಾಸ್ತರ್ರೇ" ಎಂದರು.

ನನ್ನೊಳಗೆ ಮಲಗಿದ್ದ ಭೂಗೋಳ ತಟ್ಟನೆ ಎದ್ದು ಕುಳಿತಿತು. ಎರಡೂ ಕಡೆಯ ಗ್ರಾಮ ಆಡಳಿತಾಧಿಕಾರಿಗಳಿಗೆ ಫೋನು ಮಾಡಿದೆ. ಇಬ್ಬರೂ ಮೋಟರ್ ಸೈಕಲ್ ಮೇಲೆ ಟೇಪು, ನಕಾಶೆಗಳ ಸಮೇತ ಬಂದರು. ಹೊರಗಿನ ಗಡಿಕಲ್ಲುಗಳಿಂದ ಅಳೆಯುತ್ತ ಒಳಗೆ ಬಂದು ನಾನೇ ಸುಣ್ಣದ ಕಡ್ಡಿಯಿಂದ ಗಡಿರೇಖೆ ಎಳೆದೆ. ಅದು ನೇರವಾಗಿ ತೊಟ್ಟಿಲ ಕೆಳಗೆ ಹಾದುಹೋಯಿತು. ಕೂಸಿನ ತಲೆ ಸೇಡಂ ತಾಲೂಕು, ಕಾಲು ಚಿಂಚೋಳಿ ತಾಲೂಕು! ನಾವು ಮೂವರು ಗಂಭೀರವಾಗಿ ಬಗ್ಗಿ ಈ ಮಹತ್ವದ ಶೋಧವನ್ನು ಪರಿಶೀಲಿಸುತ್ತಿರುವಾಗ ಕೂಸು ಉಚ್ಚೆ ಹೊಯ್ದು ಗಡಿಯನ್ನೇ ಅಳಿಸಿಹಾಕಿತು. ಅಷ್ಟು ಹೊತ್ತು ಬಿಗಿದ ಮುಖದಲ್ಲಿದ್ದ ಬಾಣಂತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅಧಿಕಾರಿಗಳು ನಕ್ಕರು, ನನ್ನ ಕನ್ನಡಕ ಜಾರಿ ಬಿತ್ತು.

ಮನೆಯ ಬಾಗಿಲು ಯಾವ ಕಡೆಗಿದೆಯೋ ಆ ತಾಲೂಕಿಗೆ ಮನೆಯನ್ನು ಸೇರಿಸಲು ಶಿಫಾರಸು ಬರೆಯೋಣ ಎಂದು ಒಬ್ಬರು ಸೂಚಿಸಿದರು. ಆದರೆ ಬಾಗಿಲು ಎರಡಿದ್ದವು, ಒಂದೊಂದು ತಾಲೂಕಿಗೆ ಒಂದೊಂದು. ನಾಗಮ್ಮ ನಮ್ಮನ್ನೊಮ್ಮೆ ನೋಡಿ ಎದ್ದರು. ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿ, ತೊಗರಿ ಚೀಲವೊಂದನ್ನು ಎಳೆದು ಅದಕ್ಕೆ ಒತ್ತಿಟ್ಟು, ಅದರ ಮೇಲೆಯೇ ಕುಳಿತರು.

"ಈಗ ಬಾಗಲಾ ಒಂದೇ ಅದರಿ. ಬರೀರಿ."

ಅಧಿಕಾರಿಗಳು ಬರೆದರು, ಇಬ್ಬರೂ ಸಹಿ ಹಾಕಿದರು. ನಾನು ಸೇಡಂ ಕಡೆಯ ಬಾಗಿಲ ಮೇಲೆ ಮನೆಯ ಸಂಖ್ಯೆ ಬರೆದೆ. ಅಷ್ಟು ಮುದ್ದಾದ ಅಂಕಿಗಳನ್ನು ಕಪ್ಪುಹಲಗೆಯ ಮೇಲೂ ನಾನೆಂದೂ ಬರೆದವನಲ್ಲ.

ಎರಡು ತಿಂಗಳ ಮೇಲೆ ಆ ಕಡೆ ಹೋಗುವ ಕೆಲಸವಿಲ್ಲದಿದ್ದರೂ ಹೋದೆ. ದಾರಿ ತಪ್ಪಿದ್ದು ಒಂದೇ ಸಲ. ಒಳಗೆ ಫ್ಯಾನು ಭರ್ರೆಂದು ತಿರುಗುತ್ತಿತ್ತು, ಅದರ ಕೆಳಗೆ ಕೂಸು ಎರಡೂ ಕೈ ಚಾಚಿ ನಿದ್ದೆಹೋಗಿತ್ತು. ಆದರೆ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು! ನಾನು ಗಾಬರಿಯಿಂದ ಅತ್ತ ನೋಡುವುದನ್ನು ಕಂಡ ನಾಗಮ್ಮ ನನಗೆ ಚಹಾ ಕೊಡುತ್ತ ಸಮಾಧಾನ ಹೇಳಿದರು.

"ಕರೆಂಟ್ ಸೇಡಂದೇ ಇರ್ಲಿರಿ ಮಾಸ್ತರ್ರೇ. ಗಾಳಿ ಮಾತ್ರ ಚಿಂಚೋಳಿದು ಭಾಳ ಛಲೋ ಅದ."