ಟೇಪಕ್ಕನ ಎರಡು ಕಿವಿ

ಟೇಪಕ್ಕನಿಗೆ ಆ ಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಬಟ್ಟೆ ಸರಿಮಾಡಿಕೊಡುವ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿರುವ ಹೆಂಗಸು. ಕೊರಳಲ್ಲಿ ಸರ ಇರಲಿ ಬಿಡಲಿ, ಅಳತೆಯ ಟೇಪಂತೂ ಇದ್ದೇ ಇರುತ್ತದೆ. ಅದನ್ನು ಹಾಕಿಕೊಂಡೇ ಬಸ್ಸು ಹತ್ತುತ್ತಾಳೆ, ಅದನ್ನು ಹಾಕಿಕೊಂಡೇ ತರಕಾರಿ ಕೊಳ್ಳುತ್ತಾಳೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಕೋಟಿನ ಭುಜ ಕೂರಿಸುವುದು ಅವಳ ಕೆಲಸ. ಆದರೆ ಹೊಲಿಗೆ ಅರ್ಧ ಕೆಲಸ ಮಾತ್ರ, ಇನ್ನರ್ಧ ಬುದ್ಧಿ ಹೇಳುವುದು. ಕೋಟು ತಂದವನಿಗೆ, "ನಿಮ್ಮ ಬಲಭುಜ ತಗ್ಗು ಕಣ್ರೀ, ಬ್ಯಾಗು ಯಾವಾಗ್ಲೂ ಒಂದೇ ಕಡೆ ಹಾಕ್ಬೇಡಿ" ಅನ್ನುತ್ತಾಳೆ. ಮದುವೆಯ ಬಟ್ಟೆ ತಂದವಳಿಗೆ ಬಟ್ಟೆಯ ಬಗ್ಗೆಯೂ ಹೇಳುತ್ತಾಳೆ, ಮದುವೆಯ ಬಗ್ಗೆಯೂ ಹೇಳುತ್ತಾಳೆ. ಅವಳ ಗಂಡ ಬಸ್ ಡಿಪೋದಲ್ಲಿ ಟೈರು ನೋಡಿಕೊಳ್ಳುವವನು. ಮನೆಯಲ್ಲಿ ಅವನ ಪಾಲಿಗೆ ಉಳಿದಿರುವುದು "ಹ್ಞೂಂ" ಎಂಬ ಒಂದೇ ಮಾತು. ಅದನ್ನೂ ಅವನು ಹಿತಮಿತವಾಗಿ ಬಳಸುತ್ತಾನೆ.

ಅವಳ ಬುದ್ಧಿಮಾತನ್ನು ಪೂರ್ತಿಯಾಗಿ, ಎದುರಾಡದೆ, ಹತ್ತೊಂಬತ್ತು ವರ್ಷ ಕೇಳಿದವಳು ಒಬ್ಬಳೇ. ಅವಳೇ ಗುಬ್ಬಿ. ಹದಿನೇಳನೇ ವಯಸ್ಸಿಗೆ ಅಂಗಡಿಗೆ ಬಂದಾಗ ಮೆಷಿನ್ನಿನ ಪೆಡಲಿಗೆ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಸೂಜಿ ಚುಚ್ಚದಂತೆ ಬೆರಳಿಗೆ ಅಂಗುಸ್ತಾನ ತೊಡಿಸಿ, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವಳು ಟೇಪಕ್ಕ. "ಇಲ್ಲಿ ಬಿಚ್ಚು" ಅಂದರೆ ಬಿಚ್ಚುವುದು, "ಮತ್ತೆ ಹಾಕು" ಅಂದರೆ ಹಾಕುವುದು, ಗುಬ್ಬಿಯ ಬದುಕು ಹಾಗೆಯೇ ಸಾಗಿತ್ತು. ಇಬ್ಬರ ಮೆಷಿನ್ನೂ ಅಕ್ಕಪಕ್ಕ. ಅಕ್ಕನ ಕತ್ತರಿ ಕೆಳಗೆ ಬಿದ್ದರೆ ಎತ್ತಿಕೊಡುವುದು ಗುಬ್ಬಿಯ ಕೈ.

ಅಂಥವಳು ಆರು ತಿಂಗಳ ಹಿಂದೆ ಒಂದು ದಿನ ತನ್ನ ಒಡಹುಟ್ಟಿದ ಅಕ್ಕನ ಮಗಳನ್ನು ಕಿವಿ ಚುಚ್ಚಿಸಲು ಕರೆದುಕೊಂಡು ಹೋಗಿ, ವಾಪಸ್ಸು ಬರುವಾಗ ಬೇರೆ ಮನುಷ್ಯಳಾಗಿ ಬಂದಳು. "ಅಕ್ಕ, ಒಂದೇ ಸಲ. ಬಿಚ್ಚಿ ಮತ್ತೆ ಹಾಕೋ ಹಾಗಿಲ್ಲ. ಎಷ್ಟು ಚೆನ್ನಾಗಿದೆ ಗೊತ್ತಾ ಆ ಕೆಲಸ!" ಅಂದಳು. ಮುಂದಿನ ತಿಂಗಳು ಕೆಲಸ ಬಿಟ್ಟು ಆ ಅಂಗಡಿಯಲ್ಲೇ ಕಲಿಯಲು ಸೇರಿದಳು. ಟೇಪಕ್ಕ ನಾಲ್ಕು ದಿನ ಅವಳ ಫೋನ್ ಎತ್ತಲಿಲ್ಲ. ಐದನೇ ದಿನ ತಾನೇ ಫೋನ್ ಮಾಡಿ, "ಊಟ ಮಾಡ್ದ್ಯಾ?" ಅಂತ ಗದರಿದಳು.

ಕಲಿಕೆ ಸುಲಭವಿರಲಿಲ್ಲ. ಮೊದಲ ಮೂರು ತಿಂಗಳು ರಬ್ಬರಿನ ಕಿವಿಗೆ ಚುಚ್ಚಿ ಚುಚ್ಚಿ ಅದು ಜರಡಿಯಾಯಿತು. ಆಮೇಲೆ ನಿಜವಾದ ಕಿವಿ. ಅಂಗಡಿಯ ಒಡತಿ ಪಕ್ಕದಲ್ಲಿ ನಿಂತಿರುವಾಗ ಹತ್ತು ಜನಕ್ಕೆ ಕಿವಿಯ ಮೇಲಂಚಿನ ಗಟ್ಟಿ ಭಾಗದಲ್ಲಿ ಚುಚ್ಚಬೇಕು, ಒಂದೂ ಓರೆಯಾಗಬಾರದು. ಒಂಬತ್ತು ಮುಗಿದಿದ್ದವು, ಎಲ್ಲವೂ ಕಾಲೇಜಿನ ಹುಡುಗಿಯರವು. ಹತ್ತನೆಯದು ಐವತ್ತು ದಾಟಿದವರದ್ದೇ ಆಗಬೇಕೆಂದು ಒಡತಿ ಹಟ ಹಿಡಿದಳು. "ವಯಸ್ಸಾದ ಕಿವಿ ಗಟ್ಟಿ, ಕಿವಿಯವರ ಬಾಯಿ ಇನ್ನೂ ಗಟ್ಟಿ. ಎರಡನ್ನೂ ಸಂಭಾಳಿಸು ನೋಡೋಣ" ಅಂದಳಂತೆ. ಅದಾದರೆ ಗುಬ್ಬಿಗೆ ಅಲ್ಲಿ ಸ್ವಂತ ಕುರ್ಚಿ. ಇಲ್ಲದಿದ್ದರೆ ವಾರದ ಕೊನೆಗೆ ಆ ಜಾಗ ಬೇರೆಯವರಿಗೆ, ಗುಬ್ಬಿ ಮತ್ತೆ ಪ್ಯಾಂಟಿನ ಕಾಲು ಮಡಿಸಲು ವಾಪಸ್ಸು.

ಗುಬ್ಬಿ ತನಗೆ ಗೊತ್ತಿದ್ದ ದೊಡ್ಡಮ್ಮ ಚಿಕ್ಕಮ್ಮಂದಿರನ್ನೆಲ್ಲ ಕೇಳಿದಳು. ಎಲ್ಲರೂ ಕಿವಿ ಮುಚ್ಚಿಕೊಂಡರು. ಕೊನೆಗೆ ಟೇಪಕ್ಕನ ಮುಂದೆ ಬಂದು ಬಾಯಿ ತೆರೆಯುವ ಮೊದಲೇ, "ಯಾವ ದಿನ ಬರ್ಬೇಕು ಹೇಳು" ಅಂದಳು ಟೇಪಕ್ಕ. "ಎರಡೂ ಕಿವಿಗೆ ಹಾಕು. ಒಂದಕ್ಕೆ ಹಾಕಿ ಇನ್ನೊಂದು ಬಿಟ್ರೆ ಅರ್ಧ ಹೊಲಿದ ತೋಳಿನ ಥರ ಇರುತ್ತೆ."

ಮನೆಯಲ್ಲಿ ಗಂಡ ಆ ದಿನ "ಹ್ಞೂಂ" ಅನ್ನಲಿಲ್ಲ. "ಈ ವಯಸ್ಸಲ್ಲಾ?" ಅಂದ.

"ಕಿವಿಗೇನ್ರೀ ವಯಸ್ಸು? ನೀವು ಕೇಳೋದೇ ಇಲ್ಲ, ನಿಮ್ಮ ಕಿವಿ ಇನ್ನೂ ಹೊಸದಾಗೇ ಇದೆ" ಅಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಶನಿವಾರ ಹನ್ನೊಂದು ಗಂಟೆಗೆ ಹೋದಳು. ಎರಡನೇ ಮಹಡಿಯಲ್ಲಿ ಬೆಳ್ಳಗಿನ ಕೋಣೆ. ಹೊರಗಡೆ ಕಾಯುವವರಿಗೆ ಮೂರು ಕುರ್ಚಿ, ಒಳಗೆ ಎತ್ತರದ ಹಾಸಿಗೆ, ಉದ್ದದ ದೀಪ, ಸ್ಪಿರಿಟ್ಟಿನ ವಾಸನೆ. ಸ್ಟೀಲಿನ ತಟ್ಟೆಯಲ್ಲಿ ಪೊಟ್ಟಣ ಬಿಚ್ಚದ ಸೂಜಿಗಳು ಸಾಲಾಗಿದ್ದವು. ಸಾಲು ನೆಟ್ಟಗಿರುವುದನ್ನು ನೋಡಿ ಟೇಪಕ್ಕನಿಗೆ ಸಮಾಧಾನವಾಯಿತು, ಅದು ತಾನೇ ಕಲಿಸಿದ್ದು. ಒಡತಿ ಎತ್ತರದ ಹೆಂಗಸು, ಮೊಣಕೈವರೆಗೆ ಹಚ್ಚೆ. ಮೂಲೆಯಲ್ಲಿ ಪುಸ್ತಕ ಹಿಡಿದು ನಿಂತಳು. "ಎರಡೂ ಒಂದೇ ದಿನ ಚುಚ್ಚಿಸ್ಕೊಂಡ್ರೆ ಮಲಗೋಕೆ ಕಷ್ಟ ಆಗುತ್ತೆ" ಅಂದಳು.

"ನಾನು ಅಂಗಾತ ಮಲಗೋಳು ಕಣ್ರೀ, ನಿಮಗ್ಯಾಕೆ ಆ ಚಿಂತೆ" ಅಂದಳು ಟೇಪಕ್ಕ. ಒಡತಿ ಏನೋ ಬರೆದುಕೊಂಡಳು.

ಗುಬ್ಬಿ ಗ್ಲೌಸು ಹಾಕಿ, ಕಿವಿ ಒರೆಸಿ, ಅಕ್ಕನನ್ನು ಸ್ಟೂಲಿನ ಮೇಲೆ ನೇರವಾಗಿ ಕೂರಿಸಿದಳು. ಎದುರು ನಿಂತು ಮುಖ ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ನೇರಳೆ ಪೆನ್ನಿನಿಂದ ಎರಡೂ ಕಿವಿಗೆ ಒಂದೊಂದು ಚುಕ್ಕೆ ಇಟ್ಟು ಕನ್ನಡಿ ಕೊಟ್ಟಳು.

ಸುಮ್ಮನೆ "ಚೆನ್ನಾಗಿದೆ" ಅನ್ನಬಹುದಿತ್ತು. ಟೇಪಕ್ಕನ ಕೈ ಕೊರಳಿಗೆ ಹೋಯಿತು. ಟೇಪು ಎಳೆದು, ಕಿವಿಯ ಕೆಳಗಿನ ತುದಿಯಿಂದ ಚುಕ್ಕೆಯವರೆಗೆ ಎಡಗಡೆ ಅಳೆದಳು, ಬಲಗಡೆ ಅಳೆದಳು.

"ಗುಬ್ಬಿ, ಒಂದು ನೂಲು ಹೆಚ್ಚುಕಮ್ಮಿ ಇದೆ ನೋಡು."

ಒಂದು ನೂಲೆಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಕೋಟಿನ ಕಾಲರಿನಲ್ಲಿ ಅಷ್ಟು ವ್ಯತ್ಯಾಸ ಬಂದರೆ ಅವರ ಅಂಗಡಿಯಲ್ಲಿ ಬಿಚ್ಚಿಸುತ್ತಿದ್ದರು. ಗುಬ್ಬಿಯ ಕೈ ಹಿಂದುಮುಂದು ನೋಡಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ, ಕೇಳಿದ ಕೂಡಲೇ ಹತ್ತಿ ತಗೊಂಡು ಬಲಗಿವಿಯ ಚುಕ್ಕೆ ಒರೆಸಿ, ಅಕ್ಕ ಹಿಡಿದ ಟೇಪಿನ ಪಕ್ಕದಲ್ಲೇ ಹೊಸ ಚುಕ್ಕೆ ಇಟ್ಟಳು. ಮೂಲೆಯಲ್ಲಿ ಪುಸ್ತಕದ ಹಾಳೆ ತಿರುಗಿದ ಸದ್ದಾಯಿತು.

ಟೇಪಕ್ಕ ಹಾಸಿಗೆಯ ಮೇಲೆ ಮಲಗಿದಳು. ಆ ಸದ್ದು ಅವಳಿಗೆ ಹಿಡಿಸಿರಲಿಲ್ಲ. ಚಾವಣಿ ನೋಡುತ್ತಾ ಇದ್ದಾಗ, ಬೇಡ ಅಂದರೂ ಒಂದು ಯೋಚನೆ ಒಳಗೆ ನುಸುಳಿತು. ಇದು ಕೆಟ್ಟರೆ ಗುಬ್ಬಿ ವಾಪಸ್ಸು ಬರುತ್ತಾಳೆ. ಸೋಮವಾರದಿಂದಲೇ ಪಕ್ಕದ ಮೆಷಿನ್ನು ಮತ್ತೆ ಓಡುತ್ತದೆ. ಆ ಯೋಚನೆ ಒಂದು ಕ್ಷಣ ಸಿಹಿಯಾಗಿತ್ತು ಎಂಬುದೇ ಅವಳಿಗೆ ಭಯ ಹುಟ್ಟಿಸಿತು. ಟೇಪು ಎಳೆದದ್ದು ಅಳತೆಗೋ, ಇದಕ್ಕೋ? ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬಾಯಲ್ಲಿ ಬಿಸಿ ತುಪ್ಪ.

"ಉಸಿರು ಒಳಗೆ ತಗೋ ಅಕ್ಕ" ಅಂದಳು ಗುಬ್ಬಿ. ಸೂಜಿ ಕೈಯಲ್ಲಿತ್ತು. ಟೇಪಕ್ಕ ಉಸಿರು ಎಳೆದುಕೊಂಡು ಕಾದಳು. ಬಿಡು ಅನ್ನುವ ಮಾತು ಬರಲೇ ಇಲ್ಲ.

"ಎದ್ದು ಕೂತ್ಕೋ ಅಕ್ಕ."

ಸೂಜಿಯನ್ನು ತಟ್ಟೆಗೆ ಹಾಕಿ ಗುಬ್ಬಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು. ಮುಖ ಬಿಳಿಚಿತ್ತು.

"ಈ ಚುಕ್ಕೆ ತಪ್ಪಾಗಿದೆ. ನಾನು ಮೊದ್ಲು ಇಟ್ಟಿದ್ದೇ ಸರಿ."

"ಟೇಪು ಸುಳ್ಳು ಹೇಳುತ್ತಾ?"

"ಟೇಪು ಹೇಳಲ್ಲ. ನಿನ್ನ ಬಲಗಿವಿ ತಲೆಯಲ್ಲೇ ಸ್ವಲ್ಪ ಕೆಳಗಿದೆ. ಅಳತೆ ಸಮ ಆದ್ರೆ ಮುಖದಲ್ಲಿ ಓರೆ ಕಾಣುತ್ತೆ."

ಊರವರ ಭುಜವೆಲ್ಲ ಏರು ತಗ್ಗೆಂದು ಮೂವತ್ತೊಂದು ವರ್ಷ ಹೇಳಿದವಳಿಗೆ ತನ್ನ ಕಿವಿಯ ಸುದ್ದಿ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಆದರೂ ಸೋಲೊಪ್ಪಲು ಬಾಯಿ ಬಿಡಲಿಲ್ಲ. "ಅಲ್ಲ ಕಣೇ, ನಾನು ಹೇಳೋದು ಕೇಳು, ಇನ್ನೊಂದು ಸಲ ಅಳೆದು..." ಅನ್ನುತ್ತಾ ಮತ್ತೆ ಟೇಪಿಗೆ ಕೈ ಹಾಕಿದಳು.

"ಅಕ್ಕ, ಸುಮ್ನೆ ಕೂತ್ಕೋ."

ದನಿ ಏರಿರಲಿಲ್ಲ. ಗುಬ್ಬಿ ಆ ಮಾತನ್ನು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಆಡಿದವಳಲ್ಲ. ಗುರುವಿಗೇ ತಿರುಮಂತ್ರ! ಟೇಪಕ್ಕನಿಗೆ ಮೊದಲು ಸಿಟ್ಟು ಬಂತು, ಕೆನ್ನೆ ಬಿಸಿಯಾಯಿತು. ಯಾರಾದರೂ ತನ್ನ ಪರವಾಗಿ ಮಾತಾಡಲಿ ಎಂದು ಒಡತಿಯತ್ತ ನೋಡಿದಳು. ಒಡತಿ ಪುಸ್ತಕ ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಟೇಪಕ್ಕ ಮತ್ತೆ ಗುಬ್ಬಿಯ ಮುಖ ನೋಡಿದಳು. ಹುಡುಗಿಗೆ ಹೆದರಿಕೆಯಿತ್ತು, ಆದರೂ ಹಟ ಬಿಟ್ಟಿರಲಿಲ್ಲ. ಆಗ ಟೇಪಕ್ಕನ ಸಿಟ್ಟು ಎಲ್ಲಿ ಹೋಯಿತೋ, ಎದೆ ತುಂಬಿ ಬಂತು. ಹೆಮ್ಮೆ ಅದು, ಬೇರೇನೂ ಅಲ್ಲ. ಸ್ವಲ್ಪ ನೋವೂ ಇತ್ತು, ಇರಲಿ. ಟೇಪನ್ನು ಕೊರಳಿಂದ ತೆಗೆದು ಸುತ್ತಿ ಬ್ಯಾಗಿನೊಳಗೆ ಹಾಕಿದಳು. ಬಾಯಿಗೂ ಬೀಗ ಹಾಕಿದಳು.

ಗುಬ್ಬಿ ಚುಕ್ಕೆ ಒರೆಸಿ, ಕಣ್ಣಳತೆಯಲ್ಲೇ ಮತ್ತೆ ಇಟ್ಟು ಕನ್ನಡಿ ಹಿಡಿದಳು. ಎರಡೂ ಚುಕ್ಕೆ ಕಣ್ಣಿನ ಮಟ್ಟಕ್ಕೆ ಒಂದೇ ಸಾಲಿನಲ್ಲಿ ನಿಂತಿದ್ದವು. ಟೇಪಕ್ಕ ತಲೆಯಾಡಿಸಿದಳು.

"ಒಪ್ಪಿಗೆ ಬಾಯಲ್ಲೇ ಹೇಳ್ಬೇಕು" ಅಂದಳು ಒಡತಿ, ಆ ದಿನ ಮೊದಲ ಸಲ ನಗುತ್ತಾ.

"ನಂದೇ ತಪ್ಪು. ಚುಚ್ಚು ಮಗಾ."

ಗುಬ್ಬಿ ಹೊಸ ಪೊಟ್ಟಣ ಹರಿದು ಹೊಸ ಸೂಜಿ ತೆಗೆದಳು. ಉಸಿರು ಒಳಗೆ, ಉಸಿರು ಹೊರಗೆ. ಕರ್ರ್ ಎಂಬ ಸಣ್ಣ ಸದ್ದು ಟೇಪಕ್ಕನ ತಲೆಯೊಳಗೇ ಕೇಳಿಸಿತು, ಕಿವಿ ಉರಿಯಿತು, ಕಣ್ಣಲ್ಲಿ ತಾನಾಗಿ ನೀರು ಬಂತು. ಅಷ್ಟರಲ್ಲಿ ಓಲೆ ಕೂತಾಗಿತ್ತು. ಇನ್ನೊಂದು ಕಿವಿಗೂ ಹಾಗೆಯೇ. ಗಟ್ಟಿ ಕಿವಿಯಲ್ಲೂ ಸೂಜಿ ಓರೆಯಾಗಲಿಲ್ಲ. ಮುಗಿದ ಮೇಲೆ ಗುಬ್ಬಿ ಪಾಠ ಒಪ್ಪಿಸಿದಳು: ದಿನಕ್ಕೆ ಎರಡು ಸಲ ಉಪ್ಪುನೀರು, ಮುಟ್ಟಬಾರದು, ತಿರುಗಿಸಬಾರದು, ತಿಂಗಳುಗಟ್ಟಲೆ ತಾಳ್ಮೆ. ಟೇಪಕ್ಕ ಎಲ್ಲದಕ್ಕೂ "ಹ್ಞೂಂ" ಅಂದಳು. ಗಂಡ ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದ.

ಒಡತಿ ಹತ್ತಿರ ಬಂದು ದೀಪದ ಕೆಳಗೆ ಎರಡೂ ಕಿವಿ ನೋಡಿದಳು, ಮುಂದಿನಿಂದ, ಪಕ್ಕದಿಂದ. ಪುಸ್ತಕದಲ್ಲಿ ಸಹಿ ಹಾಕಿ ಗುಬ್ಬಿಯ ಕೈಗೆ ಕೊಟ್ಟಳು. "ಹೊರಗೆ ಒಬ್ಬಳು ಕಾಯ್ತಿದ್ದಾಳೆ. ಅವಳನ್ನ ನೀನೇ ಕರ್ಕೋ. ನಾನು ಊಟ ಮಾಡ್ಕೊಂಡು ಬರ್ತೀನಿ" ಎಂದು ಮೆಟ್ಟಿಲಿಳಿದು ಹೋದಳು. ಗುಬ್ಬಿ ಅಕ್ಕನನ್ನು ತಬ್ಬಿಕೊಳ್ಳಲು ಬಂದಳು, ಕಿವಿ ನೆನಪಾಗಿ ನಿಂತಳು. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಗುಬ್ಬಿ ಸ್ವಲ್ಪ ಅತ್ತಳು ಕೂಡ.

ಹೊರಗೆ ಕುರ್ಚಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಉಗುರು ಕಚ್ಚುತ್ತಾ ಕೂತಿದ್ದಳು. ಟೇಪಕ್ಕನ ಕೆಂಪಾದ ಕಿವಿ ನೋಡಿ ಮೆಲ್ಲಗೆ ಕೇಳಿದಳು, "ಆಂಟಿ, ತುಂಬಾ ನೋವಾಗುತ್ತಾ? ಚುಚ್ಚೋರು ಹೊಸಬ್ರಂತೆ."

ಅವಳಿಗೆ ಸೂಜಿ ಹಿಡಿಯೋದು ಕಲಿಸಿದ್ದೇ ನಾನು ಎಂಬ ಮಾತು ಟೇಪಕ್ಕನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡಳು.

"ಒಂದು ಸಲ ಚುರುಕ್ ಅನ್ನುತ್ತೆ, ಅಷ್ಟೇ" ಅಂದಳು. "ಆದ್ರೆ ಒಳಗೆ ಹೋದ್ಮೇಲೆ ಅವಳಿಗೆ ಬುದ್ಧಿ ಹೇಳೋಕೆ ಹೋಗ್ಬೇಡ. ಅವಳಿಗೆ ಗೊತ್ತಿದೆ."