ಊರಿಗೆಲ್ಲ ಊಟದ ದಾರಿ, ತಂಗಿಯ ಓಣಿಗೆ ಆಣೆ

ರಬಕವಿಯ ಕಾಯಿಪಲ್ಲೆ ಸಂತೆಯಲ್ಲಿ ಬುಟ್ಟಿಗಳ ಬಾಯಿ ಇನ್ನೂ ಬಿಚ್ಚಿಲ್ಲ. ಆಗಲೇ ಮಾಳಿಂಗರಾಯ ಹಾಜರು. ಹಣೆ ತುಂಬ ಅರಿಶಿನದ ಭಂಡಾರ, ಹೆಗಲ ಮೇಲೆ ಟವೆಲ್. ಮಾವಿನಕಾಯಿ ಎತ್ತಿ ಮೂಸುತ್ತಾರೆ, ನುಗ್ಗೆಕಾಯಿ ಬಾಗಿಸಿ ನೋಡುತ್ತಾರೆ, ಏನನ್ನೂ ಕೊಳ್ಳುವುದಿಲ್ಲ. ಯಾವ ಖಾನಾವಳಿಯವರು ಇವತ್ತು ಏನು ಒಯ್ದರು ಎಂಬುದಷ್ಟೇ ಅವರಿಗೆ ಬೇಕು.

"ಕೊಳ್ಳಾಂವಲ್ಲ, ಕಟ್ಟಾಂವಲ್ಲ, ಮುಟ್ಟಿ ಮುಟ್ಟಿ ಬಾಡಸ್ತಿ ನೋಡ" ಎಂದು ಬದನೆಕಾಯಿಯ ಶೇವಂತಿ ಬೈಯುತ್ತಾಳೆ.

"ನಿನ್ನಿ ಬದನಿಕಾಯಿಗೆ ನೀರ ಹೊಡದ ಮಾರಾಕತ್ತಿ. ಎಲ್ಲಾರಿಗೂ ಹೇಳ್ಲೇನು?" ಎಂದು ಇವರು ಮುಂದಿನ ಬುಟ್ಟಿಗೆ ಹೋಗುತ್ತಾರೆ.

ಹೋಳಿ ಹುಣ್ಣಿಮೆ ಮುಗಿದು ಬೇವು ಹೂ ಬಿಟ್ಟಿತೆಂದರೆ ಇಲ್ಲಿಗೆ ಜವಳಿ ಮಂದಿ ಬರತೊಡಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಳ್ಳಿಗಳಿಂದ ಮದುವೆ ಸೀರೆ ಕೊಳ್ಳಲು ಟೆಂಪೋ ತುಂಬಿ ಬರುವ ಬೀಗರು. ಮಾಳಿಂಗರಾಯ ಶಂಕರೆಪ್ಪ ಸಾಹುಕಾರರ ಸೀರೆ ಅಂಗಡಿಯ ಆಳು. ಸೀರೆ ಮಡಿಸುವುದು ಹೆಸರಿಗೆ. ನಿಜವಾದ ಕೆಲಸ, ಮಧ್ಯಾಹ್ನ ಈ ಬೀಗರನ್ನು ಯಾವ ಖಾನಾವಳಿಯಲ್ಲಿ ಕೂರಿಸಬೇಕು ಎಂದು ಆರಿಸುವುದು. ಇದೇನು ಮಹಾ ಎನ್ನಬೇಡಿ. ಇಲ್ಲಿ ಊಟ ಕೆಟ್ಟರೆ ಸೀರೆಯ ಬಣ್ಣವೂ ಕೆಡುತ್ತದೆ.

"ಹೊಸಾ ಬೀಗರಿದ್ರ ಗದ್ದಲಿಲ್ಲದ ಜಾಗ ಬೇಕ್ರಿ. ಹೆಣ್ಣಿನ ಕಡಿಯವರು ನಾಚಿ ಅರ್ಧಾ ಹೊಟ್ಟಿ ಏಳತಾರ. ಮುದುಕರಿದ್ರ ಬಿಸಿ ರೊಟ್ಟಿ, ಕಡಕ್ ಕೊಟ್ರ ಬೈತಾರ. ಸಂಜೀಕ ಅಂಗಡಿಗೆ ನಕ್ಕೋತ ಬಂದ್ರ ನಾ ಗೆದ್ದಂಗ" ಎನ್ನುತ್ತಾರೆ.

ಈ ವಸಂತದಲ್ಲಿ ಎಲ್ಲಿ ಉಂಡರೆ ಚೆಂದ ಎಂದು ಬರೆಯಲು ಪೇಪರಿನವರು ನನ್ನನ್ನು ಕಳಿಸಿದ್ದರು. ಯಾರನ್ನು ಕೇಳಿದರೂ ಮಾಳಿಂಗರಾಯನನ್ನು ಕೇಳಿ ಎಂದರು. ಕೇಳಿದೆ. ಪೇಪರಿನವರಿಗೆ ತಂಪು ಗಾಳಿ ಬೇಕು ಎಂದು ಅವರೇ ಲೆಕ್ಕ ಹಾಕಿ, ಗಾಜಿನ ಬಾಗಿಲಿನ ಹೋಟೆಲಿಗೆ ಕರೆದೊಯ್ದು ಬಿಟ್ಟರು. 'ವಸಂತ ಸ್ಪೆಷಲ್' ಎಂದು ಪನೀರ್ ಬಂತು. ವಸಂತಕ್ಕೂ ಪನೀರಿಗೂ ಏನು ಬೀಗತನವೋ, ತಿಂದು ಎದ್ದೆ.

ಆಮೇಲೆ ಸೀರೆ ಅಂಗಡಿಗೆ ಮರಳಿ ಹಿತ್ತಲಿಗೆ ಕೈ ತೊಳೆಯಲು ಹೋದಾಗ, ಮೆಟ್ಟಿಲ ಮೇಲೆ ಮಾಳಿಂಗರಾಯ ಬುತ್ತಿ ಬಿಚ್ಚಿ ಕೂತಿದ್ದರು. ಹೊಸ ಜೋಳದ ರೊಟ್ಟಿ, ಹುಣಸೆ ಚಿಗುರು ಹಾಕಿದ ಬೇಳೆ, ಗುರೆಳ್ಳು ಬೆರೆಸಿದ ಮಾವಿನಕಾಯಿ ಚಟ್ನಿ. ಆ ವಾಸನೆಗೆ ನನ್ನ ಪನೀರು ಹೊಟ್ಟೆಯಲ್ಲೇ ನಾಚಿತು. "ನೀವೆಲ್ಲಿ ಉಣ್ಣುತ್ತೀರಿ?" ಎಂದೆ. ಅವರ ತುತ್ತು ಕೈಯಲ್ಲೇ ನಿಂತಿತು.

"ತಂಗಿ ಖಾನಾವಳ್ಯಾಗ್ರಿ. ಮೂರ ವರ್ಷಾತು, ಇದನ್ನ ಕೇಳಿದವರಾಗ ನೀವ ಮೊದಲನೇರು" ಎಂದರು.

ತಂಗಿ ಪದ್ಮವ್ವನ ಖಾನಾವಳಿ ನೇಕಾರರ ಒಂದು ಓಣಿಯಲ್ಲಿದೆ. ಮೊದಲೆಲ್ಲ ಅಣ್ಣ ಜವಳಿ ಮಂದಿಯನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದರು. ತಂಗಿ ಎಂದಲ್ಲ, ಹುಣಸೆ ಚಿಗುರಿನ ಬೇಳೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಮೂರು ವರ್ಷದ ಹಿಂದೊಮ್ಮೆ ಉಣ್ಣಲು ಹೋದ ಮುಧೋಳದ ಬೀಗರು ಅದೇ ಓಣಿಯ ಮಗ್ಗದ ಮನೆಯೊಂದರಲ್ಲಿ ಸೀರೆಗಳನ್ನೂ ಕೊಂಡುಬಿಟ್ಟರು. ಶಂಕರೆಪ್ಪನವರಿಗೆ ಸಿಟ್ಟು ಬಂತು. "ಊಟಕ್ಕ ಒಯ್ಯತಿಯೋ, ನನ್ನ ಗಿರಾಕಿ ಮಾರಾಕ ಒಯ್ಯತಿಯೋ?" ಎಂದು ಎಲ್ಲರೆದುರು ಕೇಳಿದರು.

ಬೀರಪ್ಪ ದೇವರ ಒಕ್ಕಲಿನ ಮಾಳಿಂಗರಾಯರಿಗೆ ಕಳ್ಳ ಎನ್ನಿಸಿಕೊಂಡರೆ ತಡೆಯುವುದಿಲ್ಲ. ಯಾರೂ ಆಣೆ ಕೇಳಿರಲಿಲ್ಲ. ತಾವೇ ಸೊಂಟದ ಚೀಲದಿಂದ ಭಂಡಾರ ತೆಗೆದು ಹಣೆಗೆ ಬಡಿದುಕೊಂಡು, ಆ ಓಣಿಯ ದಾರಿಯನ್ನು ಇನ್ನು ಒಬ್ಬರಿಗೂ ಬಾಯಿಂದ ಹೇಳುವುದಿಲ್ಲ, ಕೈಯಿಂದ ತೋರಿಸುವುದಿಲ್ಲ ಎಂದುಬಿಟ್ಟರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

"ನಾ ಅಂದದ್ದು ಅವತ್ತ ಮರ್ತೀನ್ರಿ. ಈಗ ನಾನ ಹೋಗಂದ್ರೂ ಒಲ್ಲೆ ಅಂತಾನ, ನಾ ಏನ ಮಾಡ್ಲಿ?" ಎನ್ನುತ್ತಾರೆ ಶಂಕರೆಪ್ಪ, ಸೀರೆ ಬಿಚ್ಚಿ ತೋರಿಸುತ್ತಲೇ. ಅಂದವರಿಗೆ ಮರೆಯುವುದು ಎಷ್ಟು ಸಲೀಸು! ನನಗೆ ಸಿಟ್ಟೇ ಬಂತು.

ಪದ್ಮವ್ವನಲ್ಲಿಗೆ ನಾನೇ ಹುಡುಕಿಕೊಂಡು ಹೋದೆ. ಮಧ್ಯಾಹ್ನದ ಹೊತ್ತು, ಚಾಪೆಗಳು ಖಾಲಿ. ಮಗ್ಗದ ಕೆಲಸದವರು ಇಬ್ಬರು ಉಣ್ಣುತ್ತಿದ್ದರು. ಗಾಜಿನ ಬಾಗಿಲಿನ ಹೋಟೆಲಿನವರು ಪದ್ಮವ್ವನನ್ನು ರೊಟ್ಟಿ ಬಡಿಯಲು ಆಳಾಗಿ ಬಾ ಎಂದು ಕರೆದಿದ್ದಾರಂತೆ. ಅವಳು ಒಲೆಯಿಂದ ಕಣ್ಣೆತ್ತಲಿಲ್ಲ.

"ಮದವಿ ದಿನಾ ಮುಗದು ಕಾರಹುಣ್ಣಿವಿ ಬರೂತನಕ ನೋಡ್ತೀನ್ರಿ. ಆಮ್ಯಾಲ ಬಾಗಲಾ ಹಾಕಿ ಅಲ್ಲೇ ಹೋಗೂದು. ನಮ್ಮಣ್ಣ ದೇವರಿಗೆ ಖರೇ ಅದಾನ, ನನಗಲ್ಲ. ಆದ್ರೂ ಬುತ್ತಿ ಕಳಸ್ತೀನಿ. ಅಂವಾ ಉಪಾಸ ಕುಂತ್ರ ನನಗೇನ ಹೊಟ್ಟಿ ತುಂಬತೈತಿ?"

ಮರುದಿನ ಅನಗವಾಡಿಯ ಟೆಂಪೋ ಬಂತು. ಅದರಲ್ಲೊಬ್ಬ ಅಜ್ಜಿ, ಅಂಗಡಿಯ ಮೆಟ್ಟಿಲಿಳಿಯುತ್ತ, "ತಮ್ಮಾ, ಬಾಯಿ ಕೆಟ್ಟೈತಿ. ಹುಣಸಿ ಚಿಗರಿನ ಬ್ಯಾಳಿ ಇಲ್ಲೆಲ್ಲಿ ಸಿಗತೈತಿ?" ಎಂದು ಕೇಳಿದಳು. ಮಾಳಿಂಗರಾಯ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಂಡರು. ಬಾರು ಸರಿಯಾಗಿಯೇ ಇತ್ತು. "ಈ ಬೀದ್ಯಾಗ ಇಲ್ಲಬೇ ಯವ್ವಾ" ಎಂದರು. ನಾನು ಬಾಯಿ ತೆರೆದೆ. ಅವರು ನನ್ನತ್ತ ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಅಜ್ಜಿ ಎಲ್ಲರ ಹಿಂದೆ ಗಾಜಿನ ಬಾಗಿಲು ದಾಟಿದಳು.

ಇದು ಎಂಥ ಆಣೆ ಎಂದು ಮಾಳಿಂಗರಾಯರ ಮೇಲೆ ರೇಗಿದೆ. ತಂಗಿಯ ಬಾಗಿಲು ಮುಚ್ಚಿಸುವ ಸತ್ಯ ಯಾವ ದೇವರಿಗೆ ಬೇಕು?

"ಬೀರಪ್ಪನ ಗುಡಿ ಪೂಜಾರಿನ್ನ ಕೇಳೀನ್ರಿ. ಮಂದಿಗೆ ಎಲ್ಲಿ ಉಣ್ರಿ ಅಂತ ಹೇಳಬ್ಯಾಡ, ನೀ ಎಲ್ಲಿ ಉಂಡಿ ಅಂತ ಕೇಳಿದ್ರ ಹೇಳಬೌದು, ಅದು ದಾರಿ ತೋರಿಸಿದಂಗಲ್ಲ ಅಂದಾನ. ಆದ್ರ ಯಾರ ಕೇಳತಾರ್ರಿ? ಊರ ಮಂದಿಗೆಲ್ಲಾ ತಮ್ಮ ಹೊಟ್ಟಿ ಚಿಂತಿ. ಆಳಿನ ಊಟ ಯಾರಿಗೆ ಬೇಕು?"

ಖಾನಾವಳಿಯ ಬೋರ್ಡಿನ ಮೇಲಿನ ಹೆಸರನ್ನಾದರೂ ಬರೆಯುತ್ತೇನೆ ಎಂದೆ. ಕೈ ಮುಗಿದುಬಿಟ್ಟರು.

"ಬೋರ್ಡಿನ ಹೆಸರಾ, ಓಣಿ ಹೆಸರಾ ಏನೂ ಬ್ಯಾಡ್ರಿ. ಅದು ನನ್ನ ಬಾಯಿಂದ ಬಂದಂಗ ಆಗತೈತಿ. ನಾ ದಿನಾ ಅಂಗಡಿ ಮುಂದ ನಿಂತಿರ್ತೀನಿ. ಕಾರಹುಣ್ಣಿವಿಯೊಳಗ ಯಾರರ ಬಂದು, ಮಾಳಿಂಗರಾಯಾ, ನೀ ಉಂಡೇನು, ಎಲ್ಲಿ ಉಂಡಿ ಅಂತ ಕೇಳ್ಲಿ. ಅಷ್ಟ ಬರೀರಿ."