ಚಿಗರಿ ಮಲಗುವ ಜಾಗ

ನಮ್ಮ ಎದುರು ಮನೆಯವರು ಮಹಡಿ ಕಟ್ಟಿಸುತ್ತಿದ್ದಾರೆ. ದೇವರಾಜ ಅರಸು ಬಡಾವಣೆಯಲ್ಲಿ ಯಾರೋ ಒಬ್ಬರು ಮನೆ ಕಟ್ಟಿಸದ ದಿನವೇ ಇಲ್ಲ ಬಿಡಿ. ಅವರು ತರಿಸಿದ ಮರಳು ನಮ್ಮ ಬೇವಿನ ಗಿಡದ ನೆರಳಿನಲ್ಲಿ ರಾಶಿ ಬಿದ್ದಿದೆ. ಈವತ್ತು ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬಂದಾಗ ಆ ರಾಶಿಯ ಮಗ್ಗುಲಲ್ಲಿ ಒಂದು ಗುಳಿ ಕಂಡಿತು. ಬೀದಿನಾಯಿ ಮುಂಗಾಲಿನಿಂದ ಕೆರೆದು, ಸುತ್ತಿಕೊಂಡು ಮಲಗಿ, ಎದ್ದು ಹೋದ ಗುಳಿ. ನಾನು ರಂಗೋಲಿ ಡಬ್ಬಿ ಕೆಳಗಿಟ್ಟು, ಬಗ್ಗಿ, ಬಲಗೈಯ ಹಿಂಬದಿಯನ್ನು ಅದರೊಳಗೆ ಇಟ್ಟೆ. ಬೆಚ್ಚಗಿತ್ತು.

"ಏನ್ ಬಿತ್ರೀ ಆಂಟಿ? ಬೆಂಡೋಲೆ ಏನಾರ ಬಿತ್ತಾ?" ಎಂದು ಎದುರು ಮನೆಯ ಸೊಸೆ ಗೇಟಿನಿಂದಲೇ ಕೂಗಿದಳು.

ಏನೂ ಇಲ್ಲ ಎಂದೆ. ನಾಯಿ ಎದ್ದು ಎಷ್ಟು ಹೊತ್ತಾಯಿತು ಎಂದು ನೋಡುತ್ತಿದ್ದೆ ಎಂದರೆ ಆ ಹುಡುಗಿ ಏನೆಂದುಕೊಂಡಾಳು! ಅರವತ್ತು ದಾಟಿದ ಹೆಂಗಸು ನಾಯಿಯ ಗುಳಿಗೆ ಕೈ ಹಾಕಿ ಕೂತಿದ್ದರೆ ಯಾರಾದರೂ ಮನೆಯವರನ್ನು ಕರೆಯುತ್ತಾರೆ. ಆದರೆ ನಿಮಗೆ ಹೇಳಬಹುದು. ಈ ಚಾಳಿ ನನಗೆ ನನ್ನ ಮಾವನವರಿಂದ ಬಂದದ್ದು.

ನಾನು ಮದುವೆಯಾಗಿ ಹರಿಹರದ ಹತ್ತಿರದ ಗುತ್ತೂರಿಗೆ ಹೋದಾಗ ನನಗೆ ಇಪ್ಪತ್ತೆರಡು. ದಾವಣಗೆರೆಯ ಗಲ್ಲಿಯೊಂದರಲ್ಲಿ, ಎಡಕ್ಕೊಂದು ಬಲಕ್ಕೊಂದು ಮಂಡಕ್ಕಿ ಭಟ್ಟಿಯ ನಡುವೆ ಬೆಳೆದವಳು ನಾನು. ಅಲ್ಲಿ ನಸುಕಿನಿಂದಲೇ ಗದ್ದಲ. ಗುತ್ತೂರಿನ ಮನೆಯಲ್ಲಿ ಇಬ್ಬರೇ ಗಂಡಸರು, ಇಬ್ಬರೂ ಮೂಕರು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಗಂಡ ಊರ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಶಿಫ್ಟಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಮಲಗುತ್ತಿದ್ದರು. ಮಾವನವರಿಗೆ ಆಗ ಅರವತ್ತೈದರ ಆಸುಪಾಸು. ತೆಳ್ಳಗಿನ ಉದ್ದ ಆಸಾಮಿ. ದಿನಕ್ಕೆ ಮೂರು ಮಾತು: "ಚಾ ಆತೇನವ್ವ?", "ಉಂಡ್ಯೇನವ್ವ?", "ಬಾಗಿಲು ಹಾಕ್ಕೋ." ನಾನು ಹಿತ್ತಲಿನಲ್ಲಿ ಕಟ್ಟಿದ್ದ ಎಮ್ಮೆಯ ಜೊತೆ ಮಾತಾಡಲು ಶುರು ಮಾಡಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ಮಾವನವರು ಬೆಳಗಾಗುತ್ತಲೇ ಎಲ್ಲಿಗೋ ಹೋಗಿ ಹೊತ್ತೇರಿದ ಮೇಲೆ ಬರತೊಡಗಿದರು. ಪಂಚೆ ಮೊಣಕಾಲಿನ ತನಕ ಒದ್ದೆಯಾಗಿರುತ್ತಿತ್ತು. ನಾನು ಕೇಳಲಿಲ್ಲ. ಒಂದು ದಿನ ಎಮ್ಮೆಗೆ ನಾನು ನಮ್ಮ ತವರಿನ ಬೆಕ್ಕಿನ ಕಥೆ ಹೇಳುತ್ತಿರುವುದನ್ನು ಅವರು ಕೇಳಿಸಿಕೊಂಡಿರಬೇಕು. ಮರುದಿನ ಹೊಸ್ತಿಲಲ್ಲಿ ನಿಂತು, ನೆಲ ನೋಡುತ್ತಾ, "ಬರ್ತೀಯೇನವ್ವ, ಹೊಳೀ ಆಚೆ? ಚಿಗರಿ ನೋಡಾಕ" ಎಂದರು. ಚಿಗರಿ ಎಂದರೆ ಆ ಕಡೆಯವರ ಮಾತಿನಲ್ಲಿ ಕೃಷ್ಣಮೃಗ.

ಬೇಸಿಗೆಯಲ್ಲಿ ತುಂಗಭದ್ರೆ ಅಲ್ಲಿ ಮೊಣಕಾಲುದ್ದ. ಮಾವ ಮುಂದೆ, ಸೀರೆ ಎತ್ತಿ ಕಟ್ಟಿದ ಸೊಸೆ ಹಿಂದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ನಿಲ್ಲಿಸಿ ನೋಡಿದರು. ನಾನು ನಡುಹೊಳೆಯಲ್ಲಿ ಜಾರಿ ಕೂತೆ. ಒಂದು ಚಪ್ಪಲಿ ಹೋಯಿತು. ಮಾವನವರು ನಗಲಿಲ್ಲ. ತಮ್ಮ ಎರಡೂ ಚಪ್ಪಲಿ ತೆಗೆದು ನನ್ನ ಮುಂದಿಟ್ಟು ಬರಿಗಾಲಲ್ಲಿ ನಡೆದರು. ಆ ದೊಡ್ಡ ಚಪ್ಪಲಿ ಹಾಕಿಕೊಂಡು ಪಟಪಟ ಸದ್ದು ಮಾಡುತ್ತಾ ಹೋದ ನನಗೆ ಆ ದಿನ ಒಂದು ಚಿಗರಿಯ ಬಾಲವೂ ಕಾಣಲಿಲ್ಲ.

ಅವರು ನೋಡಲು ಹೋಗುತ್ತಿದ್ದುದು ಚಿಗರಿಯನ್ನಲ್ಲ, ಚಿಗರಿ ಮಲಗುವ ಜಾಗವನ್ನು. ಅದು ನನಗೆ ಮೂರು ನಾಲ್ಕು ದಿನವಾದ ಮೇಲೆ ತಿಳಿಯಿತು. ಬೀಳುಬಿದ್ದ ಹೊಲದ ಬದುವಿನಲ್ಲಿ, ಜಾಲಿಯ ನೆರಳಿನಲ್ಲಿ, ಕೆರೆದು ನುಣುಪಾದ ಮಣ್ಣನ್ನು ತೋರಿಸುತ್ತಿದ್ದರು. "ಕೈ ತಿರುವಿ ಇಡು. ಅಂಗೈ ಬ್ಯಾಡ, ಅಂಗೈಗೆ ಏನೂ ತಿಳಿಯಂಗಿಲ್ಲ, ದುಡಿದು ದಡ್ಡಾಗಿರ್ತೈತೆ." ನೆರಳಿನ ತಂಪು ಮಣ್ಣಿನಲ್ಲಿ ಬೆಚ್ಚಗಿನ ಒಂದು ಗುಂಡನೆಯ ಜಾಗ ಇದ್ದರೆ ಈಗಷ್ಟೇ ಎದ್ದು ಹೋಗಿದೆ ಎಂದರ್ಥ. ಅದು ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮಲಗುತ್ತದೆ: ಹಿಂದಿನಿಂದ ಬರುವವರನ್ನು ಮೂಗು ಕಾಯುತ್ತದೆ, ಮುಂದಿನಿಂದ ಬರುವವರನ್ನು ಕಣ್ಣು. ಬಿಸಿಲು ಬಲಿತಂತೆ ಜಾಗ ಬದಲಾಗುತ್ತದೆ. ಎಲ್ಲ ಕಲಿತೆ ಎಂಬ ಹುಮ್ಮಸ್ಸಿನಲ್ಲಿ ಒಮ್ಮೆ ಒಂದು ಹಿಕ್ಕೆ ಹಿಡಿದು ತಂದು, "ಗಂಡು ಚಿಗರಿದು, ನಿನ್ನೆ ಸಂಜೀದು" ಎಂದೆ. ಮಾವನವರು ಅದನ್ನು ಬೆಳಕಿಗೆ ಹಿಡಿದು ಬಹಳ ಗೌರವದಿಂದ ನೋಡಿದರು. "ಮ್ಯಾಕೀದವ್ವ" ಎಂದರು. ಅವರು ನಕ್ಕದ್ದನ್ನು ಆವತ್ತು ಮೊದಲ ಸಲ ನೋಡಿದೆ.

ಆ ವಿದ್ಯೆಯಿಂದ ನನಗೆ ಸಂಸಾರದಲ್ಲಿ ಉಪಕಾರವಾಗಿದೆ ಎಂದರೆ ನಗಬೇಡಿ. ಗಂಡನ ಹಾಸಿಗೆಯ ಸುಕ್ಕು ನೋಡಿ ಅವರು ರಾತ್ರಿ ನಿದ್ದೆ ಮಾಡಿದರೋ, ಗೋಡೆ ನೋಡುತ್ತಾ ಬಿದ್ದಿದ್ದರೋ ಹೇಳಬಲ್ಲೆ. ಮಗಳ ಪರೀಕ್ಷೆಯ ದಿನಗಳಲ್ಲಿ ಅವಳ ದಿಂಬು ನೋಡಿಯೇ ಅವಳಿಗೆ ಚಾ ಕೊಡಬೇಕೋ ಬೈಯಬೇಕೋ ತೀರ್ಮಾನಿಸುತ್ತಿದ್ದೆ.

ನಿಮಗೆ ಆ ಜಾಗ ಎಲ್ಲಿ ಎಂದು ಕೇಳಬೇಕೆನಿಸಬಹುದು. ಕೇಳಬೇಡಿ. ಒಮ್ಮೆ ಹೇಳಿ ಪಟ್ಟ ಪಾಡು ಸಾಕು. ಅದನ್ನೇ ಈಗ ಹೇಳುತ್ತೇನೆ.

ಯುಗಾದಿಗೆ ಇನ್ನು ನಾಲ್ಕು ದಿನ ಇತ್ತು. ಆ ಕಡೆ ಹಿಂದೆಲ್ಲ ಯುಗಾದಿಯ ಮರುದಿನ, ಕರಿಯ ದಿನ, ಬೇಟೆಗೆ ಹೋಗುವ ವಾಡಿಕೆ ಇತ್ತಂತೆ. ಕಾಯ್ದೆ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಕದ್ದುಮುಚ್ಚಿ ಹೋಗುವವರು ಹೋಗುತ್ತಿದ್ದರು. ನನ್ನ ಗಂಡನ ಸೋದರಮಾವ ರುದ್ರಪ್ಪ ಅಂಥವರಲ್ಲಿ ಒಬ್ಬ. ಹರಿಹರದಲ್ಲಿದ್ದ, ಕಂತ್ರಾಟು ಕೆಲಸ ಮಾಡಿಸುತ್ತಿದ್ದ, ಜೀಪಿತ್ತು, ಬಂದೂಕಿತ್ತು. ಕೆಟ್ಟವನಲ್ಲ. ನಕ್ಕರೆ ಓಣಿಗೆಲ್ಲ ಕೇಳಿಸುವಂತೆ ನಗುತ್ತಿದ್ದ. ಅಕ್ಕನ ಮನೆ ಎಂದರೆ ಜೀವ. ಅಕ್ಕ ಹೋದ ಮೇಲೂ ಹಬ್ಬಕ್ಕೆ ಒಂದು ಚೀಲ ಮಾವಿನಕಾಯಿ ತಪ್ಪದೆ ತಂದಿಡುತ್ತಿದ್ದ.

ಅವತ್ತು ಬಂದಾಗ ಮಾವನವರು ಮನೆಯಲ್ಲಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಚಾ ಕೊಟ್ಟೆ. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ಕುಡಿಯುತ್ತಾ, "ಏನವ್ವ, ಭಾವಾರು ನಿನಗೂ ಹೆಜ್ಜೆ ನೋಡಾದು ಕಲಿಸ್ಯಾರಂತೆ?" ಎಂದ.

"ಹೂಂ."

"ಹೋಗ್ಲಿ ಬಿಡು, ಪ್ಯಾಟಿ ಹುಡುಗಿ ನಿನಗೇನು ತಿಳೀತೈತೆ. ನಮ್ಮ ಭಾವಾರಿಗೇ ಈಗ ತಿಳಿಯಾದಿಲ್ಲ. ವರ್ಷಾ ವರ್ಷಾ ಚಿಗರಿ ಗುಡ್ಡದ ಬಾಜು ಮಲಗ್ತಾವ ಅಂತಾರೆ, ಹೋದ್ರೆ ಒಂದೂ ಇರಂಗಿಲ್ಲ."

ನನಗೆ ಕೆಣಕಿದಂತಾಯಿತು. ಮಾವನವರಿಗೆ ತಿಳಿಯುವುದಿಲ್ಲವೇ! "ಗುಡ್ಡದ ಬಾಜು ಅಲ್ಲ" ಎಂದೆ. ರೊಟ್ಟಿಗೆ ನಾದುವ ಕೊಣಮಿಗೆಯಲ್ಲಿದ್ದ ಜೋಳದ ಹಿಟ್ಟನ್ನು ಸಮ ಮಾಡಿ, ಬೆರಳಿನಿಂದ ಹೊಳೆ ಬರೆದೆ, ಬದು ಬರೆದೆ, ಒಡೆದ ಒಡ್ಡು ಬರೆದೆ. ಅದರ ಕೆಳಗೆ ಮೂರು ಚುಕ್ಕೆ ಇಟ್ಟೆ. "ಇಲ್ಲಿ ಮೂರು ಬನ್ನಿ ಗಿಡ ಅದಾವೆ. ಬಿಸಿಲು ಏರಿ ಹತ್ತು ಗಂಟೆ ಹೊತ್ತಿಗೆ ಇಲ್ಲಿಗೇ ಬರ್ತಾವೆ. ಎಲ್ಡು ಹೆಣ್ಣು ಮರಿ ಹಾಕೋ ಹಾಗೆ ಅದಾವೆ, ಒಂದು ಹಾಕೈತೆ."

ರುದ್ರಪ್ಪ ಚಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. "ಶ್ಯಾಣ್ಯಾಕಿ ಅದೀ ಬಿಡವ್ವ" ಎಂದ. ನಾನು ಆ ಹಿಟ್ಟಿನಿಂದಲೇ ಉಳಿದ ರೊಟ್ಟಿ ಬಡಿದೆ, ಹಾಡಿಕೊಳ್ಳುತ್ತಾ.

ಸಂಜೆ ಗಂಡ ಶಿಫ್ಟಿನಲ್ಲಿದ್ದರು. ಮಾವನವರಿಗೆ ಊಟಕ್ಕೆ ಬಡಿಸುವಾಗ ಸಂತೋಷದಿಂದಲೇ ಹೇಳಿದೆ. ಮಾವನವರ ಕೈ ತಟ್ಟೆಯಲ್ಲಿ ನಿಂತಿತು.

"ಮೂರು ಬನ್ನಿ ಗಿಡ ಅಂದ್ಯಾ?"

"ಹೂಂ ಮಾವಾರೆ."

"ಹತ್ತು ಗಂಟೆ ಅನ್ನಾದೂ ಹೇಳಿದ್ಯಾ?"

ಅಷ್ಟು ಹೊತ್ತಿಗೆ ನನಗೆ ಅರ್ಥವಾಗತೊಡಗಿತ್ತು: ಗುಡ್ಡದ ಬಾಜು ಎಂದು ಅವರು ರುದ್ರಪ್ಪನಿಗೆ ಬೇಕೆಂದೇ ಹೇಳುತ್ತಿದ್ದರು. ಅವರು ಬೈಯಲಿಲ್ಲ. ಉಳಿದ ರೊಟ್ಟಿಯನ್ನು ಪೂರ್ತಿ ತಿಂದರು. ನನ್ನ ಮುಖ ನೋಡಿ ತಿಂದರು ಎಂದು ಈಗ ಅನ್ನಿಸುತ್ತದೆ. ಕೈ ತೊಳೆದು ಬಂದು ಕೂತು ಹೇಳಿದರು. ಹರೆಯದಲ್ಲಿ ತಮ್ಮ ಅಪ್ಪನ ಜೊತೆ ಬೇಟೆಯವರಿಗೆ ಜಾಗ ನೋಡಿ ಹೇಳುತ್ತಿದ್ದರು. ಅದೇ ಅವರ ಹೆಮ್ಮೆ. ಒಂದು ವರ್ಷ ಅವರು ಹೇಳಿದ ಜಾಗದಲ್ಲಿ ಒಂದು ಹೆಣ್ಣು ಚಿಗರಿ ಬಿತ್ತು.

"ಮರುದಿನ ಯಾಕೋ ಮನಸು ತಡೀಲಿಲ್ಲ, ಹೋದೆ. ಮರಿ ಅಲ್ಲೇ ಹುಲ್ಲಾಗ ಮಲಗಿತ್ತು. ತಾಯಿ ಬಂದು ಏಳು ಅನ್ನೋ ತನ ಅದು ಏಳಂಗಿಲ್ಲವ್ವ. ಹಂಗೇ ಕಾಯ್ತಿತ್ತು. ಮನೀಗೆ ತಂದೆ, ಹಾಲು ಕುಡಿಸಿದೆ, ಉಳೀಲಿಲ್ಲ." ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ನೋಡಾದು ಬಿಡಾಕ ಆಗ್ಲಿಲ್ಲ. ಹೇಳಾದು ಬಿಟ್ಟೆ" ಎಂದರು.

ನಾನು ಅತ್ತುಬಿಟ್ಟೆ. ಅರಣ್ಯ ಇಲಾಖೆಯವರಿಗೆ ತಿಳಿಸೋಣ ಎಂದೆ. ಸತ್ತ ಹೆಂಡತಿಯ ತಮ್ಮನನ್ನು ಹಿಡಿದುಕೊಡುವ ಮಾತು ಅವರ ಬಾಯಿಂದ ಬರಲಿಲ್ಲ. ನಾನೇ ಹೋಗಿ ರುದ್ರಪ್ಪನ ಕಾಲು ಹಿಡಿಯುತ್ತೇನೆ ಎಂದೆ. "ಆತು ಬಿಡವ್ವ, ಹಬ್ಬ ಮಾಡು" ಎಂದರು.

ಆ ವರ್ಷದ ಹೋಳಿಗೆಯ ರುಚಿ ನನಗೆ ಗೊತ್ತಿಲ್ಲ. ಕರಿಯ ದಿನ ನನ್ನ ಗಂಡ ಮೊದಲ ಶಿಫ್ಟಿಗೆ ಹೋದರು. ಅವರು ಸೈಕಲ್ ಹತ್ತಿದ್ದೇ ತಡ, ಮಾವನವರು ಕಂಬಳಿ ಹೆಗಲಿಗೆ ಹಾಕಿಕೊಂಡರು. ನಾನು ಕೇಳದೆಯೇ ಹಿಂದೆ ಹೊರಟೆ. "ಹೋಳಿಗಿ ಕಟ್ಕೋ" ಎಂದರು.

ಬಿಸಿಲೇರುವ ಮೊದಲೇ ಮೂರು ಬನ್ನಿ ಗಿಡ ಮುಟ್ಟಿದೆವು. ಹಿಂಡು ದೂರದಲ್ಲಿ ಮೇಯುತ್ತಿತ್ತು. ಓಡಿಸಿಬಿಡೋಣ ಎಂದೆ. ಅವರು ಬೆರಳು ತೋರಿಸಿದರು. ಇಪ್ಪತ್ತು ಹೆಜ್ಜೆಯಾಚೆ, ಒಣಹುಲ್ಲಿನಲ್ಲಿ, ಹುಲ್ಲಿನ ಬಣ್ಣದ್ದೇ ಒಂದು ಮರಿ, ಕುತ್ತಿಗೆ ನೆಲಕ್ಕೆ ಹಚ್ಚಿ ಮಲಗಿತ್ತು. ಕಿವಿ ಮಾತ್ರ ಒಮ್ಮೆ ಅಲುಗಿತು. "ಹಿಂಡು ಓಡ್ತೈತೆ. ಇದು ಓಡಂಗಿಲ್ಲ" ಎಂದರು. ನಂತರ ಚಿಗರಿ ಕೆರೆದು ನುಣುಪು ಮಾಡಿದ್ದ ಮಣ್ಣಿನ ಮೇಲೆ ಕಂಬಳಿ ಹಾಸಿ, ತಾವೇ ಅದರ ಮೇಲೆ ಕೂತರು.

ಕೂತೆವು. ನಾನು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅದೇ ಮೊದಲು, ಅದೇ ಕೊನೆ.

ಹತ್ತರ ಹೊತ್ತಿಗೆ ಒಡ್ಡಿನ ಆಚೆ ಜೀಪು ನಿಂತ ಸದ್ದಾಯಿತು. ರುದ್ರಪ್ಪನೂ ಇಬ್ಬರು ಗೆಳೆಯರೂ ಬಗ್ಗಿಕೊಂಡು, ಸದ್ದಿಲ್ಲದೆ, ಗಾಳಿ ನೋಡಿಕೊಂಡು ಬಂದರು. ಬನ್ನಿ ಗಿಡದ ಕೆಳಗೆ ಅವರಿಗೆ ಕಂಡದ್ದು ಭಾವ ಮತ್ತು ಭಾವನ ಸೊಸೆ.

"ಇದೇನ್ರಿ ಭಾವಾರ, ಇಲ್ಲಿ ಕುಂತೀರಿ?"

"ಬಾರೋ ರುದ್ರಪ್ಪ. ಬರ್ರಿ, ಕೂಡ್ರಿ ಎಲ್ಲಾರೂ. ಹೋಳಿಗಿ ಐತೆ."

ಹಿರಿಯರು ಕೂತು ಕರೆದರೆ ನಿಂತಿರಲಾಗದು. ಗೆಳೆಯರು ಕೂತರು. ನಾನು ಹೋಳಿಗೆ ಕೊಟ್ಟೆ. ರುದ್ರಪ್ಪ ಕೂರಲಿಲ್ಲ, ಬಂದೂಕೂ ಕೆಳಗಿಡಲಿಲ್ಲ. "ನನ್ನ ಮಂದಿ ಮುಂದೆ ನನ್ನ ಮಾನ ಕಳೀತೀರೇನು?" ಎಂದ. ಅವನ ಕಣ್ಣು ಹುಲ್ಲಿನತ್ತ ಹೋಯಿತು. ಮರಿ ಅವನಿಗೂ ಕಂಡಿತು.

ಮಾವನವರು ಏಳಲಿಲ್ಲ. ಕೂತಲ್ಲಿಂದಲೇ, ಮೆಲ್ಲಗೆ ಹೇಳಿದರು: "ರುದ್ರಪ್ಪ, ನಿಮ್ಮಕ್ಕ ಹೋದ ಮೇಲೆ ನಮ್ಮ ಮನಿಯಾಗ ದೀಪ ಹಚ್ಚಾಕ ಬಂದಾಕಿ ಇವಳು. ಇವಳ ಬಾಯಿಮಾತಿಂದ ಇಲ್ಲೊಂದು ಜೀವ ಹೋದ್ರೆ, ಇವಳ ಅನ್ನ ಗಂಟಲಾಗ ಇಳಿಯಂಗಿಲ್ಲ. ಅದು ಹೆಂಗಿರ್ತೈತೆ ಅಂತ ನನಗೆ ಗೊತ್ತೈತೆ. ನನಗಾಗಿದ್ದು ಈ ಹುಡುಗೀಗೆ ಬ್ಯಾಡ."

ರುದ್ರಪ್ಪ ನನ್ನನ್ನು ನೋಡಿದ. ತಿರುಗಿ ಜೀಪಿನ ಕಡೆ ನಡೆದ. ಗೆಳೆಯರು ಅರ್ಧ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಎದ್ದರು.

ನಾವು ಹೊಳೆಯ ದಂಡೆಗೆ ಸರಿದು ಗಿಡಗಂಟಿಯ ಮರೆಯಲ್ಲಿ ನಿಂತೆವು. ಬಹಳ ಹೊತ್ತಾದ ಮೇಲೆ ಒಂದು ಹೆಣ್ಣು ಚಿಗರಿ ನಿಂತು ನಿಂತು, ಮೂಸಿ ಮೂಸಿ ಬಂತು. ಹುಲ್ಲಿನಿಂದ ಮರಿ ಎದ್ದಿತು. ಕಡ್ಡಿಯಂಥ ಕಾಲು. ಮೊದಲು ಹಿಂಗಾಲು, ಆಮೇಲೆ ಮುಂಗಾಲು. ಮಾವನವರು ಟವೆಲಿನಿಂದ ಮುಖ ಒರೆಸಿಕೊಂಡು, "ಬಿಸಿಲು" ಎಂದರು.

ರುದ್ರಪ್ಪ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಯಾಕೆಂದು ನನ್ನ ಗಂಡ ಕೇಳಿದಾಗ ಮಾವನವರು, "ನನಗೂ ಅವನಿಗೂ ಮಾತಿಗೆ ಮಾತು ಬಂತು, ತಪ್ಪು ನಂದೇ" ಎಂದರು. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿಬಿಡಲಿಲ್ಲ, ಹೊಸ ಸೊಸೆ, ಹೆದರಿದ್ದೆ. ವಿಚಿತ್ರವೆಂದರೆ ರುದ್ರಪ್ಪನೂ ಯಾರಿಗೂ ಹೇಳಲಿಲ್ಲ. ಮೂರನೆಯ ಯುಗಾದಿಗೆ ಮಾವಿನಕಾಯಿಯ ಚೀಲ ಹೊತ್ತು, ಏನೂ ಆಗಿಲ್ಲವೆಂಬಂತೆ ನಗುತ್ತಾ ಬಂದ. ಬಂದೂಕು ಬಿಟ್ಟನೋ ಇಲ್ಲವೋ ನನಗೆ ತಿಳಿಯದು. ಈಗ ಅವನೂ ಇಲ್ಲ, ಮಾವನವರೂ ಇಲ್ಲ.

ಈವತ್ತು ರಂಗೋಲಿ ಮುಗಿಸಿ ಒಳಗೆ ಬಂದು, ಚಾ ಲೋಟ ಕೊಡುತ್ತಾ, ಗಂಡನಿಗೆ ಇದೆಲ್ಲವನ್ನೂ ಹೇಳಿದೆ. ನಲವತ್ತು ವರ್ಷ ಹೇಳದ್ದನ್ನು ಈವತ್ತು ಯಾಕೆ ಹೇಳಿದೆನೋ. ಅವರು ಪೇಪರ್ ಮಡಿಸಿಟ್ಟು ಕೇಳಿದರು. ಚಾ ಆರಿತು.

"ಆ ಎಲ್ಡು ವರ್ಷ ನಾನು ಅಪ್ಪನ ಮೇಲೆ ಎಷ್ಟು ಕೂಗಾಡೀನಿ ಗೊತ್ತೇನು?" ಎಂದರು. "ಅವ್ವ ಸತ್ತಿದ್ದಕ್ಕೇ ಅವ್ವನ ತವರು ಕಡಿದ್ರಿ ಅಂದೆ. ಒಂದಿನ ಅಂಗಳದಾಗ, ಮಂದಿ ಮುಂದೆ ಅಂದೆ. ಅಪ್ಪ ತಲಿ ತಗ್ಗಿಸಿ ನಿಂತಿದ್ದ."

ನನಗೆ ಅದು ಗೊತ್ತಿರಲಿಲ್ಲ. ನಾನು ಹೆರಿಗೆಗೆ ತವರಿಗೆ ಹೋಗಿದ್ದಾಗ ನಡೆದದ್ದಂತೆ. "ತಪ್ಪಾತ್ರಿ" ಎಂದೆ. ಅವರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಬೆನ್ನು ನನ್ನ ಕಡೆ.

"ನನ್ನ ಒಂದಿನಾನೂ ಕರೀಲಿಲ್ಲ ಅಪ್ಪ, ಆ ಕಡೆ" ಎಂದರು ಆಮೇಲೆ.

"ನೀವು ಮಲಗಿರ್ತಿದ್ರಿ. ಶಿಫ್ಟ್ ಮುಗಿಸಿ ಬಂದ ಹುಡುಗ, ಎಬ್ಬಿಸಬ್ಯಾಡ ಅಂತಿದ್ರು."

ಅವರು ಕಣ್ಣು ಒರೆಸಿಕೊಂಡರು. ತಣ್ಣಗಾದ ಚಾವನ್ನು ಹಾಗೆಯೇ ಕುಡಿದರು. "ಭಾನುವಾರ ಹೋಗಣ ನಡಿ. ಹೊಳ್ಯಾಗ ನೀರು ಕಡಿಮಿ ಐತಂತೆ. ಅಪ್ಪ ಕುಂತಿದ್ದ ಜಾಗ ತೋರ್ಸು."

"ನನ್ನ ಮಂಡಿ ಕೇಳಬೇಕಲ್ರಿ."

"ಕೈ ಹಿಡ್ಕೋತೀನಿ."

ಆ ಬನ್ನಿ ಗಿಡಗಳು ಈಗ ಇವೆಯೋ, ಕಡಿದು ಹೊಲ ಮಾಡಿದ್ದಾರೋ ನನಗೆ ಗೊತ್ತಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಹೂಂ ಎಂದೆ.